ಹಳೆಯ ಬಂಧನವಿದ್ದರೆ ಕೋವಿ ಪರವಾನಗಿಗೆ ಅರ್ಜಿ ಹಾಕುವುದು ಹೇಗೆ?

ಬೇಲಿ ಜಗಳದಲ್ಲೋ ಪ್ರತಿಭಟನೆಯಲ್ಲೋ ಒಮ್ಮೆ ಬಂಧನಕ್ಕೊಳಗಾಗಿ, ಶಿಕ್ಷೆಯಾಗದೆ ಹೊರಬಂದ ಕೃಷಿಕರು ಬೆಳೆ ರಕ್ಷಣೆಯ ಕೋವಿಗೆ ಅರ್ಜಿ ಹಾಕುವಾಗ ಎಡವುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಕೆಲವರು ಲೈಸೆನ್ಸ್ ಇನ್ನು ಸಿಗುವುದಿಲ್ಲವೆಂದು ಕೈಚೆಲ್ಲುತ್ತಾರೆ. ಹೆಚ್ಚಿನವರು ಹಳೆಯ ಸಂಗತಿಯನ್ನೇ ಮುಚ್ಚಿಡುತ್ತಾರೆ. ಎರಡೂ ತಪ್ಪು.

1959ರ ಶಸ್ತ್ರಾಸ್ತ್ರ ಕಾಯ್ದೆಯ 9ನೇ ಕಲಮಿನ ಪ್ರಕಾರ, ಹಿಂಸೆ ಅಥವಾ ನೈತಿಕ ಅಧಃಪತನದ ಅಪರಾಧಕ್ಕೆ ಸೆರೆವಾಸದ ಶಿಕ್ಷೆಯಾದವರು ಶಿಕ್ಷೆ ಮುಗಿದ ಮೇಲೂ 5 ವರ್ಷ ಕೋವಿ ಇಟ್ಟುಕೊಳ್ಳುವಂತಿಲ್ಲ. ಬರಿಯ ಬಂಧನಕ್ಕೆ ಅಂಥ ನಿಷೇಧವಿಲ್ಲ. ಆದರೆ ಅರ್ಜಿದಾರರು ಅನರ್ಹರೆಂದು, ಅಥವಾ ಸಾರ್ವಜನಿಕ ಶಾಂತಿ ಸುರಕ್ಷತೆಗಾಗಿ ನಿರಾಕರಣೆ ಅಗತ್ಯವೆಂದು ಕಂಡರೆ ಪರವಾನಗಿ ಕೊಡದಿರುವ ಅಧಿಕಾರವನ್ನು 14ನೇ ಕಲಂ ಕೊಡುತ್ತದೆ. ಹಳೆಯ ಬಂಧನ ತೊಡಕಾಗುವುದು ಇಲ್ಲಿಯೇ.

ಆದ್ದರಿಂದ ಅರ್ಜಿಗೆ ಮೊದಲು, ಪ್ರಕರಣ ಹೇಗೆ ಮುಗಿಯಿತೆಂಬುದಕ್ಕೆ ಕಾಗದ ಸಂಪಾದಿಸಬೇಕು. ಪೊಲೀಸರು ಬಿ ರಿಪೋರ್ಟ್ (ಆರೋಪಕ್ಕೆ ಆಧಾರವಿಲ್ಲವೆಂದು ತನಿಖೆ ಮುಗಿಸುವ ವರದಿ) ಹಾಕಿದರೇ, ಹೈಕೋರ್ಟ್ ಎಫ್‌ಐಆರ್ ರದ್ದುಪಡಿಸಿತೇ, ವಿಚಾರಣೆ ನಡೆದು ಖುಲಾಸೆಯಾಯಿತೇ, ರಾಜಿಯಾಯಿತೇ ಎಂಬುದು ಮುಖ್ಯ. "ಕೇಸು ಬಿದ್ದುಹೋಯಿತು" ಎಂಬ ಬಾಯಿಮಾತು ಸಾಲದು. ಠಾಣೆಯ ದಾಖಲೆಯಲ್ಲಿ ಎಫ್‌ಐಆರ್ ಕಾಣಿಸುತ್ತಿದ್ದು, ಅದರ ಮುಕ್ತಾಯ ನಮೂದಾಗದೇ ಉಳಿದಿರುವುದುಂಟು. ಆಗ ಕೋವಿ ಅರ್ಜಿಯ ಮೇಲೆ ಪೊಲೀಸರು ಕೊಡುವ ವರದಿಯಲ್ಲಿ ನಿಮ್ಮ ಹೆಸರಿನ ಮುಂದೆ ಆರೋಪ ಮಾತ್ರ ಬರುತ್ತದೆ. ನ್ಯಾಯಾಲಯದ ನಕಲು ವಿಭಾಗದಲ್ಲಿ ಅರ್ಜಿ ಹಾಕಿ ಅಂತಿಮ ಆದೇಶದ ದೃಢೀಕೃತ ನಕಲನ್ನೇ ಪಡೆಯಿರಿ. ಅರ್ಜಿ ಹಾಕಿದ ದಿನ, ನಕಲು ಸಿದ್ಧವಾದ ದಿನ, ಕೊಟ್ಟ ದಿನಗಳಿರುವ ಮುದ್ರೆಯ ಪುಟವನ್ನು ಬಿಟ್ಟು ಜೆರಾಕ್ಸ್ ಮಾಡಿಸಬೇಡಿ. ನೋಟರಿ ಮಾಡಿಸಿದ ಸಿದ್ಧ ಅಫಿಡವಿಟ್ ಇದಕ್ಕೆ ಬದಲಿಯಲ್ಲ. ಅದಕ್ಕೆ ಹಣ ಸುರಿಯುವುದು ವ್ಯರ್ಥ.

ಇನ್ನೂ ಸೂಕ್ಷ್ಮವಾದದ್ದು ಮುಚ್ಚಳಿಕೆ. ಜಗಳದ ಬಳಿಕ ಶಾಂತಿಪಾಲನೆಗಾಗಿ ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 107ನೇ ಕಲಮಿನಡಿ, ಅಂದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 126ನೇ ಕಲಮಿನಡಿ, ತಹಶೀಲ್ದಾರರ ಮುಂದೆ ಸಹಿ ಹಾಕಿದ್ದನ್ನು ಬಹಳ ಮಂದಿ ಮರೆತೇ ಬಿಡುತ್ತಾರೆ. ಶಿಕ್ಷೆಯಾಗದಿದ್ದರೂ ಇಂಥ ಮುಚ್ಚಳಿಕೆಗೆ ಆದೇಶವಾಗಿದ್ದರೆ, ಅದರ ಅವಧಿ ಮುಗಿಯುವ ತನಕ ಶಸ್ತ್ರಾಸ್ತ್ರ ಕಾಯ್ದೆಯ 9ನೇ ಕಲಮಿನ ನಿಷೇಧ ಅನ್ವಯಿಸುತ್ತದೆ. 107 ಅಥವಾ 126ನೇ ಕಲಮಿನಡಿ ಮುಚ್ಚಳಿಕೆಯ ಅವಧಿ ಹೆಚ್ಚೆಂದರೆ 1 ವರ್ಷ. ಅದು ಮುಗಿದ ಮೇಲೆ ಅರ್ಜಿ ಹಾಕಿ ಎಂಬುದೇ ನನ್ನ ಖಚಿತ ಸಲಹೆ.

ಅರ್ಜಿಯಲ್ಲಿ ಶಿಕ್ಷೆಯ ಕುರಿತು ಒಂದು ಪ್ರಶ್ನೆ, ಮುಚ್ಚಳಿಕೆಯ ಕುರಿತು ಇನ್ನೊಂದು ಪ್ರಶ್ನೆ ಇರುತ್ತದೆ. ಕಚೇರಿಯೆದುರು ಅರ್ಜಿ ತುಂಬಿಕೊಡುವವರು ಎಲ್ಲದಕ್ಕೂ "ಇಲ್ಲ" ಎಂದು ಬರೆದುಬಿಡುತ್ತಾರೆ. ಸಹಿಗೆ ಮುನ್ನ ಓದಿ. ಶಿಕ್ಷೆಯಾಗದವರು ಶಿಕ್ಷೆಯ ಕಾಲಂನಲ್ಲಿ "ಇಲ್ಲ" ಎನ್ನುವುದು ಸತ್ಯವೇ. ಆದರೂ ಪ್ರತ್ಯೇಕ ಹಾಳೆಯಲ್ಲಿ ಠಾಣೆ, ಅಪರಾಧ ಸಂಖ್ಯೆ, ಕಲಂಗಳು, ಮುಕ್ತಾಯದ ದಿನಾಂಕ ಬರೆದು ಆದೇಶದ ನಕಲನ್ನು ಲಗತ್ತಿಸಿ. ಮುಖ್ಯ ಮಾಹಿತಿ ಮುಚ್ಚಿಟ್ಟು ಪಡೆದ ಪರವಾನಗಿಯನ್ನು ಶಸ್ತ್ರಾಸ್ತ್ರ ಕಾಯ್ದೆಯ 17ನೇ ಕಲಮಿನಡಿ ರದ್ದುಪಡಿಸಬಹುದು. ಬಂಧನಕ್ಕಿಂತ ಈ ಮುಚ್ಚಿಡುವಿಕೆಯೇ ಹೆಚ್ಚು ಹಾನಿ ಮಾಡುತ್ತದೆ.

ಠಾಣೆಯ ವಿಚಾರಣೆಗೆ ಕರೆದಾಗ ಅದೇ ಕಾಗದಗಳ ಇನ್ನೊಂದು ಪ್ರತಿ ಕೊಟ್ಟು ಸ್ವೀಕೃತಿ ಪಡೆಯಿರಿ. ಹೆಸರು ರೌಡಿ ಪಟ್ಟಿಯಲ್ಲಿದ್ದರೆ ಖುಲಾಸೆಯಾದ ಮಾತ್ರಕ್ಕೆ ಅದು ತಾನಾಗಿ ಅಳಿಯುವುದಿಲ್ಲ. ತೆಗೆಸಲು ಬೇರೆಯೇ ಮನವಿ ಸಲ್ಲಿಸಬೇಕು.

ನಿರಾಕರಣೆಯಾದರೆ ಕಾರಣವನ್ನು ಲಿಖಿತವಾಗಿ ಕೇಳಿ, ಅದೇ ಕಾಯ್ದೆಯ 18ನೇ ಕಲಮಿನಡಿ ಮೇಲ್ಮನವಿ ಹಾಕಿ. ಪ್ರಕರಣ ಬಾಕಿಯಿದೆ ಎಂಬುದೊಂದೇ ಲೈಸೆನ್ಸ್ ರದ್ದತಿಗೆ ಸಾಲದೆಂದು ಅಲಹಾಬಾದ್ ಹೈಕೋರ್ಟ್ ಹಲವು ಬಾರಿ ಹೇಳಿರುವುದನ್ನು ವಕೀಲರು ಉಲ್ಲೇಖಿಸಬಹುದು.

ಲೈಸೆನ್ಸ್ ಸಿಕ್ಕ ಮೇಲೂ ಚುನಾವಣೆ ಬಂದಾಗ ಜಾಮೀನಿನ ಮೇಲಿರುವವರ, ಅಪರಾಧ ಹಿನ್ನೆಲೆಯವರ ಕೋವಿಗಳನ್ನು ಠೇವಣಿ ಇರಿಸಿಕೊಳ್ಳುವ ಬಗ್ಗೆ ಜಿಲ್ಲಾ ಪರಿಶೀಲನಾ ಸಮಿತಿ ನಿರ್ಧರಿಸುತ್ತದೆ. ವಿನಾಯಿತಿ ಕೋರುವ ಮನವಿಯ ಜೊತೆಗೂ ಅದೇ ಆದೇಶದ ನಕಲು ಬೇಕಾಗುವುದರಿಂದ, ಒಂದು ಪ್ರತಿಯನ್ನು ಲೈಸೆನ್ಸ್ ಪುಸ್ತಕದೊಳಗೇ ಮಡಿಸಿಡಿ.