ಗುಳ್ಳೆಯನ್ನು ನಂಬಿ ಬಾಟಲಿ ತುಂಬಬೇಡಿ: ಮನೆಯಲ್ಲಿ ಮೊದಲ ಬಿಯರ್

ನಾನು ಮೊದಲ ಸಲ ಮಾಡಿದ ಬಿಯರಿನ ಒಂದು ಗಾಜಿನ ಬಾಟಲಿ ರಾತ್ರಿ ಎರಡು ಗಂಟೆಗೆ ಕಪಾಟಿನೊಳಗೆ ಒಡೆದುಹೋಯಿತು. ಸದ್ದಿಗೆ ಎದ್ದು ಬಾಗಿಲು ತೆರೆದರೆ ಗಾಜಿನ ಚೂರುಗಳು ಹಿಂದಿನ ಹಲಗೆಗೆ ನಾಟಿಕೊಂಡಿದ್ದವು. ಹಗಲಲ್ಲಿ, ಯಾರಾದರೂ ಅಲ್ಲಿ ಕೈ ಹಾಕಿದಾಗ ಒಡೆದಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಆಗಿದ್ದಿಷ್ಟು: ಆರನೇ ದಿನ ಏರ್‌ಲಾಕಿನಲ್ಲಿ (ಒಳಗಿನ ಅನಿಲವನ್ನು ಹೊರಬಿಟ್ಟು ಹೊರಗಿನ ಗಾಳಿಯನ್ನು ತಡೆಯುವ, ನೀರು ತುಂಬಿದ ಪುಟ್ಟ ಸಾಧನ) ಗುಳ್ಳೆ ಬರುವುದು ನಿಂತಿತು. ಹುದುಗುವಿಕೆ ಮುಗಿಯಿತು ಅಂದುಕೊಂಡು ಬಾಟಲಿಗೆ ತುಂಬಿಬಿಟ್ಟೆ. ಉಳಿದಿದ್ದ ಸಕ್ಕರೆಯನ್ನು ಯೀಸ್ಟ್ ಬಾಟಲಿಯೊಳಗೇ ಅನಿಲ ಮಾಡಿತು. ದ್ರವದ ಸಾಂದ್ರತೆ ಅಳೆದು ಎಷ್ಟು ಸಕ್ಕರೆ ಉಳಿದಿದೆ ಎಂದು ತಿಳಿಸುವ ಹೈಡ್ರೋಮೀಟರ್ ನನ್ನ ಹತ್ತಿರ ಇರಲಿಲ್ಲ. ಹಾಗಾಗಿ ಮಾಲ್ಟಿಗಿಂತ, ಪಾತ್ರೆಗಿಂತ ಮೊದಲು ನಾನು ಹೇಳುವುದು ಹೈಡ್ರೋಮೀಟರಿನ ಹೆಸರನ್ನೇ. ಅದು ಕೈಗೆ ಬರುವ ತನಕ ಒಲೆ ಹಚ್ಚಬೇಡಿ. ನೀವಿರುವ ಕಡೆ ಮನೆಯಲ್ಲಿ ಬಿಯರ್ ಮಾಡಲು ಕಾನೂನಿನ ಅನುಮತಿ ಇದೆಯೇ ಎಂಬುದನ್ನೂ ಮೊದಲೇ ತಿಳಿದುಕೊಳ್ಳಿ.

ಮೊದಲ ಸಲಕ್ಕೆ 10 ಲೀಟರ್ ಸಾಕು. ಬೇಕಾಗುವುದು: 18 ಲೀಟರಿನ ಸ್ಟೀಲ್ ಪಾತ್ರೆ, ಏರ್‌ಲಾಕ್ ಇರುವ 15 ಲೀಟರಿನ ಪ್ಲಾಸ್ಟಿಕ್ ಬಕೆಟ್, ಇನ್ನೊಂದು ಬಕೆಟ್, ಸೈಫನ್ ಕೊಳವೆ, ಥರ್ಮಾಮೀಟರ್. ಸಾಮಗ್ರಿಯಲ್ಲಿ 1.2 ಕಿಲೋ ತಿಳಿಬಣ್ಣದ ಒಣ ಮಾಲ್ಟ್ ಎಕ್ಸ್‌ಟ್ರಾಕ್ಟ್ (ಮೊಳಕೆ ಬಾರ್ಲಿಯ ಸಕ್ಕರೆ ತೆಗೆದು ಒಣಗಿಸಿದ ಪುಡಿ), 30 ಗ್ರಾಂ ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡುವ ಬಳ್ಳಿಯ ಹೂವು; ಕಹಿಯ ಅಂಶವಾದ ಆಲ್ಫಾ ಆಸಿಡ್ ಶೇ. 5ರ ಆಸುಪಾಸಿನದು), ಏಲ್ ಎಂಬ ಬಗೆಯ ಬಿಯರಿಗೆ ಬಳಸುವ ಯೀಸ್ಟ್ ಒಂದು ಪೊಟ್ಟಣ. ಬಾರ್ಲಿ ಮೊಳಕೆ ಕಾಳನ್ನೇ ನೆನೆಸಿ ಸಕ್ಕರೆ ತೆಗೆಯುವ ಕೆಲಸ ಮುಂದಿನ ಸಲಕ್ಕಿರಲಿ. ಮೊದಲು ಯೀಸ್ಟಿನ ನಡವಳಿಕೆ ತಿಳಿಯಬೇಕು.

ತೊಳೆಯುವುದು ಬೇರೆ, ಸ್ಯಾನಿಟೈಸ್ ಮಾಡುವುದು ಬೇರೆ. ಜಿಡ್ಡು, ಕರೆ ಹೋಗುವ ಹಾಗೆ ತೊಳೆದ ಮೇಲಷ್ಟೇ ಸ್ಯಾನಿಟೈಸರ್ ಕೆಲಸ ಮಾಡುತ್ತದೆ, ಕೊಳೆಯ ಅಡಿಯಲ್ಲಿ ಕೂತ ಬ್ಯಾಕ್ಟೀರಿಯಾವನ್ನು ಅದು ಮುಟ್ಟುವುದಿಲ್ಲ. ಬಕೆಟ್ಟನ್ನು ಒರಟು ನಾರಿನಿಂದ ಉಜ್ಜಬೇಡಿ, ಗೀರು ಬಿದ್ದರೆ ಅದರಲ್ಲೇ ಸೂಕ್ಷ್ಮಜೀವಿಗಳು ಮನೆ ಮಾಡುತ್ತವೆ. ಕುದಿಯುವ ಪಾತ್ರೆಗೆ ಬೀಳುವುದಕ್ಕೆ ಈ ಚಿಂತೆ ಬೇಕಿಲ್ಲ. ಕುದಿ ಮುಗಿಸಿ ಒಲೆ ಆರಿಸಿದ ಕ್ಷಣದಿಂದ ದ್ರವಕ್ಕೆ ತಾಗುವ ಚಮಚ, ಕೊಳವೆ, ಮುಚ್ಚಳ, ಯೀಸ್ಟ್ ಪೊಟ್ಟಣ ಕತ್ತರಿಸುವ ಕತ್ತರಿ, ಎಲ್ಲವೂ ಸ್ಯಾನಿಟೈಸರಿನಲ್ಲಿ ಅದ್ದಿ ತೆಗೆದದ್ದೇ ಆಗಿರಬೇಕು.

12 ಲೀಟರ್ ನೀರು ಕಾಯಿಸಿ, ಒಲೆ ಆರಿಸಿ, ಆಮೇಲೆ ಮಾಲ್ಟ್ ಪುಡಿ ಹಾಕಿ ಕಲಕಿ. ಉರಿಯ ಮೇಲೆಯೇ ಹಾಕಿದರೆ ಪುಡಿ ತಳ ಹಿಡಿದು ಸೀದುಹೋಗುತ್ತದೆ. ಮತ್ತೆ ಒಲೆ ಹಚ್ಚಿ ಕುದಿ ಬರುವಾಗ ಅಲ್ಲಿಂದ ಕದಲಬೇಡಿ. ಹಾಲು ಉಕ್ಕುವ ಹಾಗೆಯೇ ನೊರೆ ಒಮ್ಮೆಲೇ ಏರುತ್ತದೆ. ನೊರೆ ಇಳಿದ ಮೇಲೆ 20 ಗ್ರಾಂ ಹಾಪ್ಸ್ ಹಾಕಿ, ಮುಚ್ಚಳ ತೆಗೆದಿಟ್ಟು ಒಂದು ಗಂಟೆ ಕುದಿಸಿ. ಬೇಯಿಸಿದ ಮೆಕ್ಕೆಜೋಳದಂತೆ ನಾರುವ ಒಂದು ಸಂಯುಕ್ತ ಆವಿಯ ಜೊತೆ ಹೊರಗೆ ಹೋಗಬೇಕು, ಮುಚ್ಚಿಟ್ಟರೆ ಅದು ಒಳಗೇ ಉಳಿಯುತ್ತದೆ. ಇನ್ನು ಐದು ನಿಮಿಷ ಇದೆ ಎನ್ನುವಾಗ ಉಳಿದ 10 ಗ್ರಾಂ ಹಾಪ್ಸ್ ಹಾಕಿ. ಮೊದಲಿನದು ಕಹಿಗೆ, ಇದು ಪರಿಮಳಕ್ಕೆ.

ಕುದಿ ಮುಗಿದ ಮೇಲೆ ಸಿಗುವ ಸಿಹಿ ದ್ರವಕ್ಕೆ ವೊರ್ಟ್ ಎನ್ನುತ್ತಾರೆ. ಪಾತ್ರೆಯನ್ನು ಮಂಜುಗಡ್ಡೆ ನೀರಿನ ತೊಟ್ಟಿಯಲ್ಲಿಟ್ಟು ಆದಷ್ಟು ಬೇಗ 20 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ. ತಣ್ಣಗಾದ ವೊರ್ಟನ್ನು ಬಕೆಟ್ಟಿಗೆ ಎತ್ತರದಿಂದ, ಸದ್ದಾಗುವ ಹಾಗೆ ಸುರಿಯಿರಿ. ಯೀಸ್ಟ್ ಬೆಳೆಯಲು ಆಮ್ಲಜನಕ ಬೇಕು, ಇಡೀ ಕೆಲಸದಲ್ಲಿ ಗಾಳಿ ಸೇರಿಸುವುದು ಇದೊಂದೇ ಸಲ. ಸ್ವಲ್ಪ ವೊರ್ಟ್ ತೆಗೆದು ಹೈಡ್ರೋಮೀಟರಿನಲ್ಲಿ ನೋಡಿ: 1.044ರ ಹತ್ತಿರ ತೋರಿಸಬೇಕು. ಬರೆದಿಟ್ಟುಕೊಳ್ಳಿ. ಆಮೇಲೆ ಯೀಸ್ಟ್ ಉದುರಿಸಿ ಮುಚ್ಚಿ. 1516ರ ಬವೇರಿಯಾದ ಕಾಯಿದೆ ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಮಾತ್ರ ಎಂದಿತು, ಯೀಸ್ಟಿನ ಹೆಸರೇ ಅದರಲ್ಲಿರಲಿಲ್ಲ. ಕೆಲಸವೆಲ್ಲ ಮಾಡುವ ಆ ಜೀವಿ ಆಗ ಯಾರ ಕಣ್ಣಿಗೂ ಬಿದ್ದಿರಲಿಲ್ಲ ಎನ್ನುವುದು ನನಗೆ ಇವತ್ತಿಗೂ ಬೆರಗಿನ ಸಂಗತಿ.

ಬಕೆಟ್ಟನ್ನು ಕತ್ತಲಲ್ಲಿ, 18ರಿಂದ 20 ಡಿಗ್ರಿಯಲ್ಲಿ ಇಡಿ. ಹುದುಗುವಾಗ ಅದು ತಾನೇ ಬಿಸಿಯಾಗುತ್ತದೆ, ಕೋಣೆಗಿಂತ ಮೂರ್ನಾಲ್ಕು ಡಿಗ್ರಿ ಹೆಚ್ಚಿರುವುದೂ ಉಂಟು. ಸುತ್ತ ಒದ್ದೆ ಬಟ್ಟೆ ಸುತ್ತಿ ಫ್ಯಾನ್ ಹಾಕಿದರೆ ಇಳಿಯುತ್ತದೆ. ಸೆಖೆ ಹೆಚ್ಚಾದರೆ ಬಿಯರಿಗೆ ಪೇಂಟ್ ಥಿನ್ನರಿನಂಥ ಘಾಟು ಬಂದುಬಿಡುತ್ತದೆ, ಅದನ್ನು ಆಮೇಲೆ ತೆಗೆಯುವ ದಾರಿಯಿಲ್ಲ. ನನ್ನ ಎರಡನೇ ಸಲದ ಬಿಯರಿನಲ್ಲಿ ಮೊದಲ ಗುಳ್ಳೆ ಬಂದದ್ದು 14 ಗಂಟೆಯ ನಂತರ. ಮರುದಿನ ಕೆನೆಬಣ್ಣದ ನೊರೆ ಬಕೆಟ್ಟಿನ ಒಳಗೋಡೆ ಹತ್ತಿ, ಇಳಿಯುವಾಗ ಕಂದು ಬಳೆಯಂಥ ಗುರುತು ಬಿಟ್ಟಿತ್ತು. ಬಕೆಟ್ಟಿಗೆ ಕಿವಿಯಿಟ್ಟರೆ ಸಣ್ಣಗೆ ಚುರುಗುಡುವುದು ಕೇಳುತ್ತಿತ್ತು.

ಏಳೆಂಟನೇ ದಿನಕ್ಕೆ ಗುಳ್ಳೆ ನಿಲ್ಲಬಹುದು. ನಾನು ಮೋಸಹೋದದ್ದು ಇಲ್ಲೇ. ಮುಚ್ಚಳದ ಸಂದಿಯಲ್ಲಿ ಗಾಳಿ ಸೋರಿದರೂ ಗುಳ್ಳೆ ನಿಲ್ಲುತ್ತದೆ, ರಾತ್ರಿ ತಣ್ಣಗಾಗಿ ಯೀಸ್ಟ್ ನಿಧಾನವಾದರೂ ನಿಲ್ಲುತ್ತದೆ. ಹುದುಗುವಿಕೆ ಮುಗಿದ ಮೇಲೂ, ಕೋಣೆ ಬೆಚ್ಚಗಾದರೆ ಕರಗಿದ್ದ ಅನಿಲ ಹೊರಬಂದು ಗುಳ್ಳೆ ಕಾಣಿಸುವುದುಂಟು. ಹತ್ತು ದಿನ ಕಾದು, ಸ್ಯಾನಿಟೈಸ್ ಮಾಡಿದ ಸೌಟಿನಿಂದ ಸ್ವಲ್ಪ ತೆಗೆದು ಅಳೆಯಿರಿ. ಹೈಡ್ರೋಮೀಟರನ್ನು ಒಮ್ಮೆ ತಿರುಗಿಸಿ ಬಿಟ್ಟರೆ ಅಂಟಿದ ಗುಳ್ಳೆಗಳು ಉದುರುತ್ತವೆ. ಕಣ್ಣನ್ನು ದ್ರವದ ಮಟ್ಟಕ್ಕೆ ತಂದು ಓದಿ. ಅಳೆದದ್ದನ್ನು ಬಕೆಟ್ಟಿಗೆ ವಾಪಸ್ ಸುರಿಯದೆ ಕುಡಿದು ನೋಡಿ, ರುಚಿಯೂ ಗೊತ್ತಾಗುತ್ತದೆ. 1.011ರ ಸುತ್ತಮುತ್ತ ಬಂದು, ಮೂರು ದಿನ ಬಿಟ್ಟು ನೋಡಿದಾಗಲೂ ಅದೇ ಅಂಕಿ ಇದ್ದರೆ ಮುಗಿದ ಹಾಗೆ. ಮೊದಲ ಅಂಕಿಯಿಂದ ಕೊನೆಯದನ್ನು ಕಳೆದು 131.25ರಿಂದ ಗುಣಿಸಿದರೆ ಆಲ್ಕೋಹಾಲ್ ಪ್ರಮಾಣ ಸಿಗುತ್ತದೆ: ಇಲ್ಲಿ ಶೇ. 4.3. ಹುದುಗುವುದಕ್ಕೆ ಹೈಡ್ರೋಮೀಟರಿನ ಅಂಕಿಯಲ್ಲಿ ಬರೀ 0.002ರಷ್ಟು ಸಕ್ಕರೆ ಬಾಕಿಯಿದ್ದರೂ ಲೀಟರ್ ಬಿಯರಿನೊಳಗೆ ಸುಮಾರು ಒಂದು ಲೀಟರ್ ಅನಿಲ ಹೆಚ್ಚಾಗಿ ಸೇರುತ್ತದೆ. ನನ್ನ ಬಾಟಲಿಯಲ್ಲಿ ಎಷ್ಟು ಬಾಕಿಯಿತ್ತೋ, ಅದರ ಮೇಲೆ ನಾನು ಸಕ್ಕರೆಯನ್ನೂ ಹಾಕಿದ್ದೆ.

ಬಿಯರಿನಲ್ಲಿ ಅನಿಲ ತುಂಬಲೆಂದು ಬಾಟಲಿಗೆ ಹಾಕುವ ಸಕ್ಕರೆ ಲೀಟರಿಗೆ 6.5 ಗ್ರಾಂ. ತೂಗಿಯೇ ಹಾಕಿ, ಚಮಚದ ಲೆಕ್ಕ ಬೇಡ. ಸ್ವಲ್ಪ ನೀರಿನಲ್ಲಿ ಕುದಿಸಿ ಆರಿಸಿ ಎರಡನೇ ಬಕೆಟ್ಟಿಗೆ ಹಾಕಿ, ಅದರ ಮೇಲೆ ಬಿಯರನ್ನು ಸೈಫನ್‌ನಿಂದ ಸದ್ದಿಲ್ಲದೆ ಇಳಿಸಿ, ತಳದ ಗಸಿ ಅಲ್ಲೇ ಇರಲಿ. ಬಿಯರ್, ಸೋಡಾದಂಥ ಅನಿಲದ ಪಾನೀಯಕ್ಕೆಂದೇ ಮಾಡಿದ ಬಾಟಲಿಗಳನ್ನಷ್ಟೇ ಬಳಸಿ. ಗಾಜಿನದಾದರೆ ಕಂದು ಬಣ್ಣದ್ದಿರಲಿ, ಬೆಳಕು ಬಿದ್ದರೆ ಹಾಪ್ಸಿನ ಅಂಶ ಕೆಟ್ಟ ನಾತ ಬಿಡುತ್ತದೆ. ಕತ್ತಿನಲ್ಲಿ ಮೂರು ಸೆಂಟಿಮೀಟರ್ ಜಾಗ ಬಿಟ್ಟು ಮುಚ್ಚಿ. ಒಂದನ್ನು ಮಾತ್ರ ಪ್ಲಾಸ್ಟಿಕ್ ಸೋಡಾ ಬಾಟಲಿಗೆ ತುಂಬಿ. ದಿನಾ ಅದನ್ನು ಹಿಸುಕಿ ನೋಡಿದರೆ ಒಳಗಿನ ಒತ್ತಡ ಬೆರಳಿಗೇ ತಿಳಿಯುತ್ತದೆ.

20 ಡಿಗ್ರಿಯಲ್ಲಿ ಎರಡು ವಾರ, ಮುಚ್ಚಿದ ಪೆಟ್ಟಿಗೆಯೊಳಗೆ ಇಡಿ. ಪ್ಲಾಸ್ಟಿಕ್ ಬಾಟಲಿ ಮೂರನೇ ದಿನಕ್ಕೇ ಕಲ್ಲಾಗಿದ್ದರೆ ದಪ್ಪ ಬಟ್ಟೆ ಸುತ್ತಿ ಎಲ್ಲವನ್ನೂ ಫ್ರಿಜ್ಜಿಗೆ ಸೇರಿಸಿ, ಚೆನ್ನಾಗಿ ತಣ್ಣಗಾದ ಮೇಲೆ ಒಂದೊಂದಾಗಿ ತೆರೆಯಿರಿ. ಎಲ್ಲ ಸರಿಯಿದ್ದರೆ ಎರಡು ವಾರದ ಮೇಲೆ ಎರಡು ದಿನ ಫ್ರಿಜ್ಜಿನಲ್ಲಿಟ್ಟು, ಲೋಟವನ್ನು ಓರೆಯಾಗಿ ಹಿಡಿದು ಒಂದೇ ಧಾರೆಯಲ್ಲಿ ಸುರಿಯಿರಿ. ಕೊನೆಯ ಒಂದು ಬೆರಳಿನಷ್ಟು, ಯೀಸ್ಟ್ ಕೂತ ಭಾಗ, ಬಾಟಲಿಯಲ್ಲೇ ಇರಲಿ.