ಫಿರೋಜಾಬಾದಿಗೆ ಒಂದು ದಿನ: ಬುತ್ತಿ ಕಟ್ಟಿಕೊಳ್ಳಿ, ಬೂಟು ಹಾಕಿಕೊಳ್ಳಿ

ನೆಂಟರು ಬಂದರೆ ಕಲಬುರಗಿಯವರು ತೋರಿಸುವುದು ಕೋಟೆ, ಶರಣಬಸವೇಶ್ವರ ಗುಡಿ, ದರ್ಗಾ, ಬುದ್ಧ ವಿಹಾರ. ಅಲ್ಲಿಗೆ ಮುಗೀತು. ಜೇವರ್ಗಿ ರಸ್ತೆಯಲ್ಲಿ ಸುಮಾರು 27 ಕಿಲೋಮೀಟರ್ ಹೋದರೆ ಭೀಮಾ ದಂಡೆಗೆ ಒಂದು ಇಡೀ ರಾಜಧಾನಿ ಖಾಲಿ ಬಿದ್ದಿದೆ ಅನ್ನೋದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ನಾನೂ ಆ ರಸ್ತೆಯಲ್ಲಿ ನೂರು ಸಲ ಓಡಾಡಿದ್ದೆ, ಒಮ್ಮೆಯೂ ಒಳಗೆ ತಿರುಗಿರಲಿಲ್ಲ.

ಮೊದಲ ಸಲ ಹೋದದ್ದು ಏಪ್ರಿಲ್‌ನಲ್ಲಿ. ಬೆಳಗ್ಗೆ ಹನ್ನೊಂದಕ್ಕೆ, ಕಾಲಲ್ಲಿ ಚಪ್ಪಲಿ, ಕೈಯಲ್ಲಿ ಒಂದೇ ಬಾಟಲಿ ನೀರು. ಅರ್ಧ ಗಂಟೆಯೊಳಗೆ ನೀರು ಖಾಲಿ, ಚಪ್ಪಲಿಯ ಅಟ್ಟೆ ತೂರಿಕೊಂಡು ಹಿಮ್ಮಡಿಗೆ ಜಾಲಿ ಮುಳ್ಳು, ವಾಪಸ್ ಬಂದು ನೋಡಿದರೆ ಬೈಕಿನ ಹಿಂದಿನ ಗಾಲಿಯೂ ಪಂಕ್ಚರ್. ಆ ತಪ್ಪು ನೀವು ಮಾಡಬಾರದು ಅಂತಲೇ ಇಷ್ಟೆಲ್ಲ ಹೇಳ್ತಿರೋದು.

ಹೋಗುವ ಮುಂಚೆ ಸ್ವಲ್ಪ ಕಥೆ ಗೊತ್ತಿರಲಿ, ಇಲ್ಲದಿದ್ದರೆ ಬರೀ ಕಲ್ಲು ಕಾಣ್ತವೆ. ಬಹಮನಿ ಸುಲ್ತಾನ ಫಿರೋಜ್ ಶಾ 1397ರಲ್ಲಿ ಕಲಬುರಗಿ ಗದ್ದುಗೆ ಏರಿದ. ಎರಡು ಮೂರು ವರ್ಷದಲ್ಲೇ, ಅಂದರೆ 1400ರ ಹೊತ್ತಿಗೆ, ನದಿ ದಂಡೆಗೆ ತನ್ನ ಹೆಸರಿನ ಈ ಊರು ಕಟ್ಟಿಸಲು ಶುರು ಮಾಡಿದ. ಪಶ್ಚಿಮಕ್ಕೆ ಭೀಮೆಯೇ ಕಾವಲು, ಉಳಿದ ಮೂರು ಕಡೆ ದಪ್ಪ ಕಲ್ಲಿನ ಗೋಡೆ. 1422ರಲ್ಲಿ ತಮ್ಮ ಅಹ್ಮದ್ ಶಾ ಗದ್ದುಗೆ ಕಿತ್ತುಕೊಂಡ, ಅದೇ ವರ್ಷ ಫಿರೋಜ್ ಸತ್ತ. ಕೆಲವೇ ವರ್ಷಕ್ಕೆ ಅಹ್ಮದ್ ಶಾ ರಾಜಧಾನಿಯನ್ನೇ ಬೀದರಿಗೆ ಒಯ್ದ. ದರ್ಬಾರು ಹೋದ ಮೇಲೆ ಊರಿಗೆ ಏನು ಕೆಲಸ? ಒಂದು ತಲೆಮಾರು ಬಾಳುವಷ್ಟರಲ್ಲೇ ಹಾಳು ಬಿತ್ತು. ಹಾಳೂರಿಗೆ ಉಳಿದವನೇ ಗೌಡ ಅಂತಾರಲ್ಲ, ಇಲ್ಲಿ ಗೌಡಕಿ ಮಾಡೋದು ಬಳ್ಳಾರಿ ಜಾಲಿ.

ನವೆಂಬರ್‌ನಿಂದ ಫೆಬ್ರುವರಿ ಮಧ್ಯೆ ಹೋಗಿ. ದಾರಿಯುದ್ದಕ್ಕೂ ತೊಗರಿ ಹೊಲ, ಬೆಳಗ್ಗೆ ಚೆಂದ ಚಳಿ. ಏಪ್ರಿಲ್, ಮೇನಲ್ಲಿ ಬಿಸಿಲು 42 ಡಿಗ್ರಿ ದಾಟುತ್ತೆ, ಬೇಡ. ಮಳೆಗಾಲದಲ್ಲೂ ಬೇಡ, ಎರೆ ಮಣ್ಣು ಬೂಟಿಗೆ ಅಂಟಿಕೊಂಡರೆ ಒಂದೊಂದು ಹೆಜ್ಜೆಯೂ ಎರಡು ಕೆ.ಜಿ. ಭಾರ. ನದಿಗೆ ಮೇಲಿಂದ ನೀರು ಬಿಟ್ಟಿದ್ದಾರೆ ಅಂತ ಸುದ್ದಿ ಇದ್ದರಂತೂ ಆ ಕಡೆ ತಲೆ ಹಾಕಬೇಡಿ. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಈ ಭಾಗದ ಜನ ಪಟ್ಟ ಪಾಡು ನಮಗೆಲ್ಲ ನೆನಪಿದೆ, ಅಲ್ವಾ.

ಸ್ವಂತ ಗಾಡಿ ಇದ್ದರೆ ಆರೂವರೆಗೆ ಮನೆ ಬಿಡಿ. ಬಸ್ಸಿಗೆ ಹೋಗುವವರು ಜೇವರ್ಗಿ ಕಡೆಯ ಆರ್ಡಿನರಿ ಬಸ್ ಹತ್ತಿ, ಹತ್ತುವ ಮುಂಚೆಯೇ ಕಂಡಕ್ಟರಿಗೆ ಫಿರೋಜಾಬಾದಿಗೆ ನಿಲ್ಲಿಸ್ತೀರಾ ಅಂತ ಕೇಳಿ. ಹೆಣ್ಣುಮಕ್ಕಳು ಆಧಾರ್ ಕಾರ್ಡ್ ಇಟ್ಟುಕೊಳ್ಳಿ, ಶಕ್ತಿ ಯೋಜನೆಯಲ್ಲಿ ಟಿಕೆಟ್ ಫ್ರೀ.

ಅಲ್ಲಿ ಹೋಟೆಲ್, ಕ್ಯಾಂಟೀನ್ ನಂಬಿಕೊಂಡು ಹೋಗಬೇಡಿ. ಒಬ್ಬರಿಗೆ ಮೂರು ಲೀಟರ್ ನೀರು. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ ಇದ್ದರೆ ಸಾಕು, ಮಧ್ಯಾಹ್ನದವರೆಗೆ ಕೆಡಲ್ಲ. ಅನ್ನ ಮೊಸರು ಕಟ್ಟಬೇಡಿ, ಹುಳಿ ಬರುತ್ತೆ. ತಲೆಗೆ ಟವೆಲ್, ಕಾಲಿಗೆ ಬೂಟು, ಮೈ ಮುಚ್ಚುವ ಪ್ಯಾಂಟು. ಒಂದು ಟಾರ್ಚು, ಮುಳ್ಳು ತೆಗೆಯಲು ಚಿಮಟ.

ಪೂರ್ವದ ಕಡೆಯಿಂದ ಒಳಗೆ ಹೋಗಿ ಪಶ್ಚಿಮಕ್ಕೆ, ನದಿ ಕಡೆಗೆ ನಡೆಯಿರಿ. ಮುಖ್ಯ ಕಟ್ಟಡಗಳು ಆ ಕಡೆಗೇ ಇವೆ, ಬೆಳಗಿನ ಬಿಸಿಲೂ ಬೆನ್ನಿಗೆ ಬೀಳುತ್ತೆ. ಮೊದಲು ಅಗಸಿ ಬಾಗಿಲಲ್ಲಿ ನಿಂತು ಮೇಲೆ ನೋಡಿ, ಕಮಾನು ಎಷ್ಟು ಎತ್ತರ ಅನ್ನೋದು ಕೆಳಗೆ ಯಾರಾದರೂ ನಿಂತರೇ ಗೊತ್ತಾಗೋದು. ಗೋಡೆಯೊಳಗೆ ಬಹುಪಾಲು ಹೊಲ. ಬೆಳೆ ತುಳಿಯಬೇಡಿ, ಬದುವಿನ ಮೇಲೆ ನಡೆಯಿರಿ.

ಜಾಮಿ ಮಸೀದಿಯ ಹೊರಗೋಡೆ ಮತ್ತು ಗುಮ್ಮಟದ ಬಾಗಿಲು ಇವತ್ತಿಗೂ ನಿಂತಿವೆ, ಒಳಗೆ ದೊಡ್ಡ ಅಂಗಳ. ಅಲ್ಲಿ ಜಾಸ್ತಿ ಹೊತ್ತು ಬೇಡ. ಟೈಮ್ ಕೊಡಬೇಕಾದ್ದು ಹಮಾಮ್‌ಗಳಿಗೆ, ಅಂದರೆ ಸ್ನಾನದ ಮನೆಗಳಿಗೆ. ದಖ್ಖನಿನಲ್ಲಿ ಉಳಿದಿರುವ ತೀರಾ ಹಳೆಯ ಹಮಾಮ್‌ಗಳಲ್ಲಿ ಇವೂ ಸೇರಿವೆ. ಸಣ್ಣ ಸಣ್ಣ ಕೋಣೆ, ಮೇಲೆ ಗುಮ್ಮಟ. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ಕಾಲಿಟ್ಟ ಕೂಡಲೇ ತಂಪು, ಬಾವಲಿ ವಾಸನೆ. ಗೋಡೆಗೆ ಟಾರ್ಚು ಓರೆಯಾಗಿ ಹಿಡಿದರೆ ಸುಣ್ಣದ ಗಾರೆ ಒಂದೊಂದು ಕಡೆ ಇನ್ನೂ ನುಣ್ಣಗಿದೆ. ಬೆರಳಲ್ಲಿ ಕೆರೆಯಬೇಡಿ. ಅದರ ಮೇಲೆ ಈಗಾಗಲೇ ಯಾರೋ ಪ್ರೇಮಿಗಳು ಹೆಸರು ಕೆತ್ತಿದ್ದಾರೆ, ಅಷ್ಟು ಸಾಕು.

ಒಳಗೆ ನುಗ್ಗುವ ಮುಂಚೆ ಅಲ್ಲಿ ಕುರಿ ಕಾಯುವವರನ್ನು ಕೇಳುವುದು ಒಳ್ಳೆಯದು. ಕಳೆದ ಸಲ ಒಂದು ಕಮಾನಿನ ಕಡೆ ಹೊರಟಿದ್ದೆ, ಅಜ್ಜ ಒಬ್ಬರು ದೂರದಿಂದಲೇ ಕೂಗಿದರು, "ಅತ್ಲಾಗ ಹೋಗಬ್ಯಾಡ್ರಿ ತಮ್ಮಾ, ಹೆಜ್ಜೇನು ಅವ." ತಲೆ ಎತ್ತಿ ನೋಡಿದರೆ ಮೊರದಷ್ಟು ಅಗಲದ ಹುಟ್ಟು. ಅಜ್ಜನಿಗೆ ಎರಡು ರೊಟ್ಟಿ ಕೊಟ್ಟೆ, ಅವರು ನನಗೆ ನದಿಗೆ ಇಳಿಯುವ ದಾರಿ ತೋರಿಸಿದರು. ಗೋಡೆ ಹತ್ತಬೇಡಿ, ಕಲ್ಲುಗಳು ಸಡಿಲ ಇವೆ. ಭೀಮೆಯಲ್ಲಿ ಈಜುವ ಆಸೆಯೂ ಬೇಡ, ಮರಳು ತೆಗೆದ ಗುಂಡಿ ಎಲ್ಲಿದೆಯೋ ಮೇಲಿನಿಂದ ಕಾಣಲ್ಲ.

ಮಧ್ಯಾಹ್ನ ಒಂದು ಗಂಟೆಯೊಳಗೆ ಊಟ ಮುಗಿಸಿ, ಕಾಗದ ಪ್ಲಾಸ್ಟಿಕ್ ಚೀಲಕ್ಕೆ ತುಂಬಿಕೊಂಡು ಹೊರಡಿ. ಮನೆಗೆ ಹೋಗಿ ಮಲಗಬೇಡಿ, ಸಂಜೆ ಬಾಗಿಲು ಹಾಕುವ ಮುಂಚೆ ಕಲಬುರಗಿಯ ಹಫ್ತ್ ಗುಂಬಜ್‌ಗೆ ಹೋಗಿ. ಅಲ್ಲಿರುವ ಸಮಾಧಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು, ಜೋಡಿ ಗುಮ್ಮಟದ್ದು, ಇದೇ ಫಿರೋಜ್ ಶಾನದ್ದು. ಬೆಳಗ್ಗೆ ಅವನ ಊರು ನೋಡಿ ಬಂದವರಿಗೆ ಆ ಕಟ್ಟಡ ಬೇರೆಯೇ ಕಾಣುತ್ತೆ. ಒಳಗೆ ಹೋಗುವಾಗ ಬೂಟು ಬಿಚ್ಚಬೇಕಲ್ಲ, ಆಗಲೇ ಕಾಲುಚೀಲವನ್ನೂ ಝಾಡಿಸಿಕೊಳ್ಳಿ, ಫಿರೋಜಾಬಾದಿನ ಹುಲ್ಲುಮುಳ್ಳು ಇನ್ನೂ ಅಂಟಿಕೊಂಡೇ ಇರುತ್ತೆ.