ಮರಿ ಮನೆಗೆ ಬರುವ ಮುನ್ನ ಒಂದು ಕಾಗದ, ಒಂದು ದಿನಾಂಕ

ನಾಯಿಮರಿ ಚಿನ್ನಿಯನ್ನು ಮನೆಗೆ ತಂದ ದಿನ ಪ್ರಾಣಿಗಳ ಆಶ್ರಯಧಾಮದವರು ಕೊಟ್ಟ ದತ್ತು ಪತ್ರದ ಕೊನೆಯ ಸಾಲಿನಲ್ಲಿ ‘ಆರು ತಿಂಗಳು ತುಂಬಿದ ಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುತ್ತೇನೆ’ ಎಂದಿತ್ತು. ಸಹಿ ಹಾಕಿ ಪತ್ರವನ್ನು ಬೀರುವಿನಲ್ಲಿಟ್ಟೆ. ಮಳೆ ನಿಲ್ಲಲಿ, ಹಬ್ಬ ಮುಗಿಯಲಿ, ಮಕ್ಕಳ ಪರೀಕ್ಷೆ ಕಳೆಯಲಿ ಎಂದು ದಿನ ತಳ್ಳಿದೆ. ಎಂಟನೆಯ ತಿಂಗಳಲ್ಲಿ ಅವಳು ಬೆದೆಗೆ ಬಂದಳು. ಹಾಲಿನವರು ಬಂದಾಗ ತೆರೆದ ಗೇಟಿನಿಂದ ಹೊರಗೆ ಹೋದವಳು ಸಂಜೆ ಹಿಂತಿರುಗಿದಳು. ಎರಡು ತಿಂಗಳಿಗೆ ಆರು ಮರಿಗಳು. ಎರಡಕ್ಕೆ ಮನೆ ಸಿಕ್ಕಿತು, ಒಂದು ಪಾರ್ವೊ ರೋಗದಿಂದ ಸತ್ತಿತು. ಉಳಿದ ಮೂರನ್ನು ಬುಟ್ಟಿಯಲ್ಲಿಟ್ಟುಕೊಂಡು ಅದೇ ಆಶ್ರಯಧಾಮದ ಬಾಗಿಲಿಗೆ ಹೋಗಿ ನಿಂತೆ. ಒಂದು ಮರಿಗೆ ಆಸರೆ ಕೊಟ್ಟೆನೆಂದುಕೊಂಡಿದ್ದವಳು ಮೂರು ಮರಿಗಳ ಜಾಗವನ್ನು ಕಸಿದುಕೊಂಡಿದ್ದೆ. ಅಲ್ಲಿದ್ದ ಹೆಣ್ಣುಮಗಳು ಒಂದು ಮಾತೂ ಆಡದೆ ಮರಿಗಳನ್ನು ಎತ್ತಿಕೊಂಡಳು. ಆ ಮೌನ ಇಂದಿಗೂ ನನ್ನನ್ನು ಕಾಡುತ್ತದೆ.

ಆದ್ದರಿಂದ ನಾಯಿಯನ್ನೋ ಬೆಕ್ಕನ್ನೋ ತರಲು ಹೊರಟವರಿಗೆ ನಾನು ಹೇಳುವುದು ಒಂದೇ ಮಾತು. ಮರಿಯ ಹೆಸರು ಹುಡುಕುವ ಮೊದಲು ಶಸ್ತ್ರಚಿಕಿತ್ಸೆಯ ದಿನಾಂಕ ಹುಡುಕಿ. ಹೇಗೆ ಎಂಬುದನ್ನು ಹಂತ ಹಂತವಾಗಿ ನೋಡೋಣ.

ಮೊದಲ ಹಂತ: ಹೊಣೆ ಯಾರದು ಎಂದು ತಿಳಿಯಿರಿ

ಇದಕ್ಕೆ ಆಧಾರ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. ಅದರ ಅಡಿಯಲ್ಲಿ 2023ರ ಮಾರ್ಚ್‌ನಲ್ಲಿ ಹೊಸ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಬಂದವು. ಅಲ್ಲಿಯವರೆಗೆ ಇದ್ದದ್ದು 2001ರ ನಿಯಮಗಳು. ಹೊಸ ನಿಯಮ ಹೊಣೆಯನ್ನು ಎರಡು ಭಾಗ ಮಾಡಿದೆ. ಬೀದಿಯ ಪ್ರಾಣಿಗಳ ಸಂತಾನಹರಣ ಮತ್ತು ಲಸಿಕೆ ಸ್ಥಳೀಯ ಸಂಸ್ಥೆಯ ಕೆಲಸ, ಅಂದರೆ ನಗರಪಾಲಿಕೆ, ಪುರಸಭೆ, ಪಂಚಾಯಿತಿಗಳದು. ಮನೆಯಲ್ಲಿ ಸಾಕಿದ ಪ್ರಾಣಿಯ ಜಂತುಹುಳು ಔಷಧ, ಲಸಿಕೆ, ಸಂತಾನಹರಣ ಮೂರೂ ಮಾಲೀಕರ ಹೊಣೆ. ಆಶ್ರಯಧಾಮದಿಂದ ತಂದ ಮರಿ ನಿಮ್ಮ ಮನೆಯ ಹೊಸ್ತಿಲು ದಾಟಿದ ಗಳಿಗೆಯಿಂದ ಎರಡನೆಯ ಗುಂಪಿಗೆ ಸೇರುತ್ತದೆ.

ಎರಡನೆಯ ಹಂತ: ಆಶ್ರಯಧಾಮದಲ್ಲಿ ಏನು ಕೇಳಬೇಕು

ಬೆಳೆದ ನಾಯಿಯನ್ನು ದತ್ತು ಪಡೆಯುವುದಾದರೆ ಅದಕ್ಕೆ ಈಗಾಗಲೇ ಶಸ್ತ್ರಚಿಕಿತ್ಸೆ ಆಗಿದೆಯೇ ಎಂದು ಕೇಳಿ. ಬಾಯಿಮಾತಿಗೆ ತೃಪ್ತರಾಗಬೇಡಿ. ಶಸ್ತ್ರಚಿಕಿತ್ಸೆಯ ದಿನ, ಮಾಡಿದ ಪಶುವೈದ್ಯರ ಸಹಿ, ರೇಬಿಸ್ ಲಸಿಕೆಯ ದಿನ ಇರುವ ಕಾಗದ ಪಡೆಯಿರಿ. ಬೀದಿಯಿಂದ ಬಂದ ನಾಯಿಯಾದರೆ ಕಿವಿ ನೋಡಿ. ಜನನ ನಿಯಂತ್ರಣ ಕೇಂದ್ರಗಳಲ್ಲಿ ಶಸ್ತ್ರಚಿಕಿತ್ಸೆಯ ಹೊತ್ತಿಗೇ, ನಾಯಿಗೆ ಎಚ್ಚರವಿಲ್ಲದಾಗ, ಕಿವಿಯ ಅಂಚಿನಲ್ಲಿ ಸಣ್ಣ ಕಚ್ಚು ಮಾಡುತ್ತಾರೆ. ಅದನ್ನು ಗಾಯವೆಂದು ತಿಳಿದು ಮರುಗುವವರನ್ನು ನೋಡಿದ್ದೇನೆ. ಅದು ಆ ನಾಯಿಯನ್ನು ಮತ್ತೊಮ್ಮೆ ಹಿಡಿದು ಮತ್ತೊಮ್ಮೆ ಹೊಟ್ಟೆ ಕೊಯ್ಯದಂತೆ ಕಾಪಾಡುವ ಗುರುತು. ಹೆಣ್ಣಿನ ಬಲ ಪಕ್ಕೆಯ ಮೇಲೆ ಅಥವಾ ಹೊಟ್ಟೆಯ ನಡುವೆ ತೆಳ್ಳನೆಯ ಗೆರೆಯಂಥ ಕಲೆಯೂ ಸಿಗಬಹುದು, ಆದರೆ ಕೂದಲು ಬೆಳೆದ ಮೇಲೆ ಕಾಣುವುದು ಕಷ್ಟ.

ಎರಡು ಮೂರು ತಿಂಗಳ ಮರಿಯಾದರೆ ದತ್ತು ಪತ್ರದಲ್ಲಿ ‘ಮಾಡಿಸುತ್ತೇನೆ’ ಎಂಬ ಮಾತಷ್ಟೇ ಸಾಲದು. ಯಾವ ತಿಂಗಳು, ಯಾವ ಆಸ್ಪತ್ರೆ, ಖರ್ಚು ಯಾರದು ಎಂಬುದನ್ನು ಅಲ್ಲೇ ಕುಳಿತು ಬರೆಸಿ. ಎಷ್ಟೋ ಆಶ್ರಯಧಾಮಗಳು ಆ ದಿನ ಮರಿಯನ್ನು ಮರಳಿ ಕರೆತಂದರೆ ತಾವೇ ಮಾಡಿಕೊಡುತ್ತವೆ. ಕೇಳಲು ಸಂಕೋಚ ಬೇಡ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಆಶ್ರಯಧಾಮದ ನಾಯಿ, ಬೆಕ್ಕುಗಳಿಗೆ ಸಾಮಾನ್ಯವಾಗಿ ದತ್ತು ಕೊಡುವ ಮೊದಲೇ ಶಸ್ತ್ರಚಿಕಿತ್ಸೆ ಆಗಿರಬೇಕೆಂಬ ಕಾನೂನಿದೆ. ನಮ್ಮಲ್ಲಿ ಆ ಭರವಸೆಯನ್ನು ಸದ್ಯಕ್ಕೆ ಹೊತ್ತಿರುವುದು ದತ್ತು ಪತ್ರದ ಒಂದು ಸಾಲು. ಆ ಸಾಲು ಎಷ್ಟು ಗಟ್ಟಿಯಾಗಿರುತ್ತದೆಯೋ ಅಷ್ಟು ಒಳ್ಳೆಯದು.

ಮೂರನೆಯ ಹಂತ: ಅಂಗಡಿ ಅಥವಾ ಸಾಕಣೆದಾರರ ಬಳಿ

ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಕಣ್ಣರಳಿಸಿ ನೋಡುವ ಮರಿಯ ಮುಂದೆ ನಿಯಮ ನೆನಪಾಗುವುದಿಲ್ಲ. ಅದಕ್ಕೇ ಮನೆಯಲ್ಲೇ ಬರೆದುಕೊಂಡು ಹೋಗಿ. 2018ರ ಸಾಕುಪ್ರಾಣಿ ಅಂಗಡಿ ನಿಯಮಗಳ ಪ್ರಕಾರ ಅಂಗಡಿ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿರಬೇಕು. ಎಂಟು ವಾರ ತುಂಬದ ನಾಯಿಮರಿ, ಬೆಕ್ಕಿನಮರಿಯನ್ನು ಮಾರುವಂತಿಲ್ಲ. ನೋಂದಣಿ ಪತ್ರ ತೋರಿಸಿ ಎಂದು ಕೇಳುವುದು ಕೊಳ್ಳುವವರ ಹಕ್ಕು.

ನಾಯಿ ಸಾಕಣೆದಾರರಿಗೆ 2017ರ ನಾಯಿ ಸಾಕಣೆ ಮತ್ತು ಮಾರಾಟ ನಿಯಮಗಳು ಅನ್ವಯಿಸುತ್ತವೆ. ಮರಿಗೆ ಮೈಕ್ರೋಚಿಪ್ ಹಾಕಿಸಿರಬೇಕು, ಲಸಿಕೆ ಆಗಿರಬೇಕು. ನಮ್ಮ ವಿಷಯಕ್ಕೆ ನೇರವಾಗಿ ಸೇರುವ, ಆದರೆ ಹೆಚ್ಚಿನವರು ಕೇಳಿರದ ಮಾತೊಂದು ಅದರಲ್ಲಿದೆ. ಆರು ತಿಂಗಳು ದಾಟಿದ ಮರಿಯನ್ನು ಸಂತಾನಹರಣ ಮಾಡಿಸದೆ ಮಾರುವಂತಿಲ್ಲ. ಪರವಾನಗಿ ಇರುವ ಇನ್ನೊಬ್ಬ ಸಾಕಣೆದಾರರಿಗೆ ಮಾರುವುದಾದರೆ ಮಾತ್ರ ವಿನಾಯಿತಿ. ತಾಯಿ ನಾಯಿಗೂ ಮಿತಿಗಳಿವೆ. ಹದಿನೆಂಟು ತಿಂಗಳು ತುಂಬುವ ಮೊದಲು ಗಬ್ಬ ಕಟ್ಟಿಸಬಾರದು, ವರ್ಷಕ್ಕೆ ಒಂದೇ ಸೂಲು, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸೂಲು ಕೂಡದು. ‘ತಾಯಿಯನ್ನು ನೋಡಬಹುದೇ, ಇದು ಎಷ್ಟನೆಯ ಸೂಲು’ ಎಂದು ಕೇಳಿ. ತೋರಿಸಲು ಹಿಂಜರಿದರೆ ಹಣ ಕೊಡದೆ ಹೊರಗೆ ಬನ್ನಿ. ಈ ನಿಯಮಗಳನ್ನು ಮುರಿದವರಿಗೆ 1960ರ ಕಾಯ್ದೆ ಹೇಳುವ ದಂಡ ಹೆಚ್ಚೆಂದರೆ ನೂರು ರೂಪಾಯಿ, ಇಲ್ಲವೇ ಮೂರು ತಿಂಗಳವರೆಗಿನ ಸೆರೆ, ಅಥವಾ ಎರಡೂ. ನೂರು ರೂಪಾಯಿ ದಂಡಕ್ಕೆ ಯಾರೂ ಹೆದರುವುದಿಲ್ಲ. ಗಿರಾಕಿ ಹಿಂದಿರುಗಿ ಹೋದರೆ ಹೆದರುತ್ತಾರೆ.

ಎಂಟು ವಾರದ ಮರಿಯನ್ನು ಶಸ್ತ್ರಚಿಕಿತ್ಸೆ ಮಾಡಿಸಿಯೇ ಮಾರಬೇಕೆಂದು ಈ ನಿಯಮಗಳು ಹೇಳುವುದಿಲ್ಲ. ಹಾಗಾಗಿ ಅಂಗಡಿಯಿಂದ ಬಂದ ಮರಿಯ ವಿಷಯದಲ್ಲಿ ಎಲ್ಲವೂ ನಿಮ್ಮ ಮೇಲೆಯೇ ನಿಂತಿದೆ.

ನಾಲ್ಕನೆಯ ಹಂತ: ದಿನಾಂಕ ಗೊತ್ತುಮಾಡಿ

ಸಾಧಾರಣ ಗಾತ್ರದ ನಾಯಿಗೆ ಆರು ತಿಂಗಳ ಸುಮಾರಿಗೆ ಮಾಡಿಸುವುದು ರೂಢಿ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ದೊಡ್ಡ ತಳಿಗಳಲ್ಲಿ ಮೂಳೆ, ಕೀಲು ಬಲಿಯಲಿ ಎಂದು ವೈದ್ಯರು ವರ್ಷದವರೆಗೆ, ಕೆಲವೊಮ್ಮೆ ಇನ್ನೂ ಸ್ವಲ್ಪ ಕಾಲ ಕಾಯಲು ಹೇಳಬಹುದು. ಹಾಗೆ ಕಾಯುವುದಾದರೆ ಗೇಟು, ಕಾಂಪೌಂಡು, ಹಗ್ಗ ಎಲ್ಲವೂ ನಿಮ್ಮ ಹತೋಟಿಯಲ್ಲಿರಬೇಕು. ಬೆದೆ ಸುಮಾರು ಎರಡು ಮೂರು ವಾರ ಇರುತ್ತದೆ. ಆ ದಿನಗಳಲ್ಲಿ ರಕ್ತಸಂಚಾರ ಹೆಚ್ಚಿರುವುದರಿಂದ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಮುಂದೂಡುತ್ತಾರೆ.

‘ಒಂದು ಸಲವಾದರೂ ಮರಿ ಹಾಕಲಿ, ತಾಯ್ತನದ ಸುಖ ಕಾಣಲಿ’ ಎನ್ನುವ ಮಾತು ನಮ್ಮ ಮನೆಗಳಲ್ಲಿ ಬಹಳ. ಹೇಳುವವರ ಮನಸ್ಸಿನಲ್ಲಿ ಅಕ್ಕರೆಯೇ ಇರುತ್ತದೆ. ಆದರೆ ದೇಹದ ಲೆಕ್ಕ ಬೇರೆ. ಮೊದಲ ಬೆದೆಗೆ ಮುಂಚೆ ಶಸ್ತ್ರಚಿಕಿತ್ಸೆಯಾದ ಹೆಣ್ಣು ನಾಯಿಗೆ ಮೊಲೆಯ ಗೆಡ್ಡೆಯ ಅಪಾಯ ಬಹಳ ಕಡಿಮೆ. ಶಸ್ತ್ರಚಿಕಿತ್ಸೆ ಆಗದ ನಡುವಯಸ್ಸಿನ ಹೆಣ್ಣುಗಳಲ್ಲಿ ಬೆದೆ ಮುಗಿದ ಕೆಲವು ವಾರಗಳಿಗೆ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆ ಬರುತ್ತದೆ. ಊಟ ಬಿಟ್ಟು, ಪದೇ ಪದೇ ನೀರು ಕುಡಿಯುತ್ತಾ ಮೂಲೆ ಹಿಡಿಯುತ್ತವೆ. ತಕ್ಷಣ ಗರ್ಭಕೋಶ ತೆಗೆಯದಿದ್ದರೆ ಜೀವಕ್ಕೇ ಕುತ್ತು. ಆರು ತಿಂಗಳಲ್ಲಿ ನೆಮ್ಮದಿಯಾಗಿ ಆಗಬಹುದಾಗಿದ್ದ ಕೆಲಸ ಎಂಟನೆಯ ವರ್ಷದಲ್ಲಿ ನಡುರಾತ್ರಿ ಆಗುತ್ತದೆ.

ಗಂಡಿನ ವಿಷಯದಲ್ಲಿ ಅಲಕ್ಷ್ಯ ಹೆಚ್ಚು. ಎತ್ತಿನ ಬೀಜ ಒಡೆಸುವುದು ಹಳ್ಳಿಗಳಲ್ಲಿ ತಲೆತಲಾಂತರದ ರೂಢಿ, ಆದರೂ ಗಂಡು ನಾಯಿಗೆ ಎಂದರೆ ‘ಅದಕ್ಕೇಕೆ’ ಎಂಬ ಪ್ರಶ್ನೆ ಏಳುತ್ತದೆ. ಜೊತೆಗೂಡುವಾಗ ನಾಯಿಯಿಂದ ನಾಯಿಗೆ ಅಂಟುವ ಜನನಾಂಗದ ಗೆಡ್ಡೆ ರೋಗ ನಮ್ಮ ಬೀದಿಗಳಲ್ಲಿ ಸಾಮಾನ್ಯ, ಅಲೆದಾಡಲು ಹೋದ ಸಾಕುನಾಯಿ ಅದನ್ನು ಮನೆಗೆ ಹೊತ್ತು ತರುತ್ತದೆ. ಒಂದು ವೃಷಣ ಕೆಳಗಿಳಿಯದೆ ಹೊಟ್ಟೆಯೊಳಗೇ ಉಳಿದಿದ್ದರೆ ಅದು ಮುಂದೆ ಗೆಡ್ಡೆಯಾಗುವ ಸಾಧ್ಯತೆ ಹೆಚ್ಚು, ಅಂಥ ನಾಯಿಗೆ ಶಸ್ತ್ರಚಿಕಿತ್ಸೆ ಬೇಕೇ ಬೇಕು. ಇನ್ನೊಂದು ಎಚ್ಚರಿಕೆ: ಶಸ್ತ್ರಚಿಕಿತ್ಸೆಯಾದ ಮೇಲೂ ಕೆಲವು ವಾರ ಗಂಡಿನಲ್ಲಿ ಫಲಶಕ್ತಿ ಉಳಿದಿರುತ್ತದೆ.

ಬೆಕ್ಕಿನ ಗಡಿಯಾರ ಇನ್ನೂ ವೇಗದ್ದು. ನಾಲ್ಕೈದು ತಿಂಗಳಿಗೇ ಗಬ್ಬವಾಗಬಲ್ಲದು. ಮರಿಗಳಿಗೆ ಹಾಲೂಡಿಸುತ್ತಿರುವಾಗಲೇ ಮತ್ತೆ ಬೆದೆಗೆ ಬರಬಲ್ಲದು. ಐದು ತಿಂಗಳು ತುಂಬುವುದರೊಳಗೆ ಮಾಡಿಸಿ.

ಐದನೆಯ ಹಂತ: ಆಸ್ಪತ್ರೆ ಮತ್ತು ರಕ್ತಪರೀಕ್ಷೆ

ಜಿಲ್ಲಾ ಕೇಂದ್ರಗಳ ಸರ್ಕಾರಿ ಪಶು ಆಸ್ಪತ್ರೆ, ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದ ಪಶುವೈದ್ಯಕೀಯ ಕಾಲೇಜುಗಳಲ್ಲಿ ಮೊದಲು ವಿಚಾರಿಸಿ. ಖಾಸಗಿ ಆಸ್ಪತ್ರೆಗಿಂತ ಖರ್ಚು ಬಹಳ ಕಡಿಮೆ. ಎಲ್ಲಿ ಮಾಡಿಸಿದರೂ ರಕ್ತಪರೀಕ್ಷೆಯನ್ನು ಬಿಡಬೇಡಿ. ನಮ್ಮ ನಾಡಿನಲ್ಲಿ ನಾಯಿಗಳಿಗೆ ಮೈಗೆ ಕಚ್ಚಿಕೊಳ್ಳುವ ಉಣ್ಣೆ ಹುಳುವಿನಿಂದ ಹರಡುವ ಜ್ವರ ಸಾಮಾನ್ಯ. ಹೊರಗೆ ಆಟವಾಡುತ್ತಿರುವ ನಾಯಿಯೊಳಗೂ ಅದು ಅಡಗಿರಬಹುದು. ಆಗ ಪ್ಲೇಟ್‌ಲೆಟ್ ಕುಸಿದಿರುತ್ತದೆ, ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ರಕ್ತ ನಿಲ್ಲುವುದಿಲ್ಲ. ಪರೀಕ್ಷೆಯಲ್ಲಿ ಗೊತ್ತಾದರೆ ಮೊದಲು ಜ್ವರಕ್ಕೆ ಚಿಕಿತ್ಸೆ ಕೊಟ್ಟು ದಿನಾಂಕ ಬದಲಿಸಿಕೊಳ್ಳಬಹುದು. ದಿನ ಮುಂದೂಡಲು ನಾನು ಒಪ್ಪುವ ಕಾರಣಗಳಲ್ಲಿ ಇದು ಮೊದಲನೆಯದು.

ಆರನೆಯ ಹಂತ: ಹಿಂದಿನ ರಾತ್ರಿ

ಬೆಳೆದ ನಾಯಿಗೆ ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ಗಂಟೆ ಊಟ ಕೊಡಬಾರದು. ಅರಿವಳಿಕೆಯಲ್ಲಿ ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಎಳೆಯ ಮರಿಗೆ ಇಷ್ಟು ಹೊತ್ತು ಉಪವಾಸ ಕೂಡದು, ವೈದ್ಯರು ಹೇಳಿದ ಗಂಟೆಯನ್ನೇ ಪಾಲಿಸಿ. ‘ಹಸಿದಿದೆ ಪಾಪ’ ಎಂದು ಅಜ್ಜಿಯೋ ಮಗುವೋ ಒಂದು ತುಂಡು ಬಿಸ್ಕತ್ತು ಕೊಟ್ಟಿದ್ದರೆ ಅದನ್ನು ವೈದ್ಯರಿಗೆ ಹೇಳಿ, ಮುಚ್ಚಿಡಬೇಡಿ.

ಏಳನೆಯ ಹಂತ: ಮನೆಯಲ್ಲಿ ಹತ್ತು ದಿನ

ಹೊಲಿಗೆ ನೆಕ್ಕದಂತೆ ಕೊರಳಿಗೆ ಕೋನ್, ಅಂದರೆ ತಲೆಯ ಸುತ್ತ ನಿಲ್ಲುವ ಅಗಲವಾದ ಪಟ್ಟಿ, ಹಾಕುತ್ತಾರೆ. ನಾಯಿ ಗೋಡೆಗೆ ಬಡಿದುಕೊಳ್ಳುತ್ತದೆ, ಮುಖ ಸಪ್ಪಗೆ ಮಾಡುತ್ತದೆ, ನಮ್ಮ ಕರುಳು ಚುರುಕ್ ಎನ್ನುತ್ತದೆ. ಆದರೂ ಬಿಚ್ಚಬೇಡಿ. ಒಂದು ರಾತ್ರಿ ನೆಕ್ಕಿದರೆ ಸಾಕು, ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಸುಮಾರು ಹತ್ತು ದಿನ ಸ್ನಾನ ಬೇಡ, ಮೆಟ್ಟಿಲು, ಓಟ, ಸೋಫಾ ಏರುವುದು ಬೇಡ. ಹೊಲಿಗೆಯ ಜಾಗ ಕೆಂಪಾಗಿ ಊದಿಕೊಂಡರೆ, ಕೀವು ಒಸರಿದರೆ, ಒಂದು ದಿನ ಕಳೆದರೂ ಊಟ ಮುಟ್ಟದಿದ್ದರೆ ಆಸ್ಪತ್ರೆಗೆ ಹೋಗಿ. ಮನೆಯಲ್ಲಿರುವ ನೋವಿನ ಮಾತ್ರೆ ಕೊಡಲೇಬೇಡಿ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಒಂದು ಮಾತ್ರೆ ಕೊಲ್ಲುತ್ತದೆ.

ಗಾಯ ಮಾಗಿದ ಮೇಲೆ ಊಟದ ಅಳತೆ ಸ್ವಲ್ಪ ತಗ್ಗಿಸಿ, ಏಕೆಂದರೆ ದೇಹಕ್ಕೆ ಮೊದಲಿನಷ್ಟು ಬೇಡ. ಶಸ್ತ್ರಚಿಕಿತ್ಸೆಯಿಂದ ನಾಯಿ ಬೊಜ್ಜಾಯಿತು ಎನ್ನುವ ದೂರಿಗೆ ಹೆಚ್ಚಿನ ಮನೆಗಳಲ್ಲಿ ತಟ್ಟೆಯೇ ಕಾರಣ.

ಎಂಟನೆಯ ಹಂತ: ಗೇಟಿನ ಹೊರಗಿನ ನಾಯಿ

ನಿಮ್ಮ ಮನೆಯ ನಾಯಿಯ ಕೆಲಸ ಮುಗಿಯಿತು. ಬೀದಿಯಲ್ಲಿ ಕಿವಿಗೆ ಕಚ್ಚಿಲ್ಲದ ಹೆಣ್ಣೊಂದಿದ್ದರೆ ಪಾಲಿಕೆಯ ಪಶುಪಾಲನಾ ವಿಭಾಗಕ್ಕೆ ದೂರು ಕೊಡಿ. ಬೆಂಗಳೂರಿನಲ್ಲಿ 2019ರಲ್ಲಿ ಸುಮಾರು 3.10 ಲಕ್ಷ ಇದ್ದ ಬೀದಿನಾಯಿಗಳ ಸಂಖ್ಯೆ 2023ರ ಸಮೀಕ್ಷೆಯಲ್ಲಿ ಸುಮಾರು 2.79 ಲಕ್ಷಕ್ಕೆ ಇಳಿದಿತ್ತು. ನಿಧಾನವಾದರೂ ಈ ದಾರಿ ಸಾಗುತ್ತದೆ ಎಂಬುದಕ್ಕೆ ಅದು ಸಾಕ್ಷಿ.

ನಿಯಮದಂತೆ ಆರು ತಿಂಗಳೊಳಗಿನ ಮರಿಗಳನ್ನು ಶಸ್ತ್ರಚಿಕಿತ್ಸೆಗೆ ಹಿಡಿಯಬಾರದು. ಇಕ್ಕಳ, ತಂತಿ ಬಳಸಬಾರದು, ಬಲೆಯಲ್ಲೋ ಕೈಯಲ್ಲೋ ಹಿಡಿಯಬೇಕು. ರೇಬಿಸ್ ಲಸಿಕೆ ಹಾಕಿ, ಚೇತರಿಸಿಕೊಂಡ ಮೇಲೆ ಹಿಡಿದ ಜಾಗದಲ್ಲೇ ಬಿಡಬೇಕು. 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ರೇಬಿಸ್ ತಗುಲಿದ ಅಥವಾ ಶಂಕೆಯಿರುವ ನಾಯಿ, ಆಕ್ರಮಣ ಸ್ವಭಾವದ ನಾಯಿಗಳನ್ನು ಅದು ಹೊರಗಿಟ್ಟಿತು. ಅದೇ ವರ್ಷದ ನವೆಂಬರ್‌ನಲ್ಲಿ ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳಂಥ ಜಾಗಗಳಿಂದ ಹಿಡಿದ ನಾಯಿಗಳನ್ನು ಅಲ್ಲಿಗೇ ಮರಳಿ ಬಿಡಬಾರದೆಂದಿತು. ಬೀದಿನಾಯಿಯನ್ನು ದತ್ತು ಪಡೆಯಬಯಸುವವರು ಸ್ಥಳೀಯ ಸಂಸ್ಥೆಗೆ ಅರ್ಜಿ ಕೊಡಬಹುದು, ಆದರೆ ಅದು ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವುದು ಅವರದೇ ಹೊಣೆ ಎಂದು ಆಗಸ್ಟ್ ಆದೇಶದಲ್ಲಿದೆ.

ವಾಹನ ಬಂದ ದಿನ ನಾಯಿಯ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ವಾಹನದ ಸಂಖ್ಯೆ, ಹಿಡಿದ ತಾರೀಕು, ಜಾಗ ಬರೆದುಕೊಳ್ಳಿ. ಶಸ್ತ್ರಚಿಕಿತ್ಸೆಯ ನಂತರ ಕನಿಷ್ಠ ನಾಲ್ಕು ದಿನ ಅದನ್ನು ಕೇಂದ್ರದಲ್ಲಿಟ್ಟು ಆರೈಕೆ ಮಾಡಬೇಕು. ಒಂದು ವಾರ ಕಳೆದ ಮೇಲೆ ಬೆಳಿಗ್ಗೆ ಹಾಲು ತರಲು ಹೋಗುವಾಗ ಆ ಕಂಬದ ಬುಡದಲ್ಲಿ ಅದು ಮಲಗಿದೆಯೇ, ಕಿವಿಯಲ್ಲಿ ಹೊಸ ಕಚ್ಚು ಇದೆಯೇ ನೋಡಿ. ಇಲ್ಲದಿದ್ದರೆ ಅದೇ ಫೋಟೊ ತೋರಿಸಿ ಮತ್ತೆ ಕೇಳಿ.